ಕಾಂಪೌಂಡಿನ ಆಚೆಗೆ ಎಷ್ಟು ಅಂಕ?

ಅಕ್ಕ ದೇವದುರ್ಗ, ಮಾನ್ವಿ ಸೀಮೆಯ ಸರ್ಕಾರಿ ದವಾಖಾನೆಗಳ ಹೆರಿಗೆ ಕೋಣೆಯಲ್ಲೇ ಇಪ್ಪತ್ತೇಳು ವರ್ಷ ಕಳೆದ ಸ್ಟಾಫ್ ನರ್ಸ್. ನಾನು ರಾಯಚೂರಿನಲ್ಲಿ ಪತ್ರಿಕೆಗೆ ಬರೆಯುವವನು. ಆಸ್ಪತ್ರೆಗಳಿಗೆ ಕೊಡುವ ಪ್ರಶಸ್ತಿಗಳ ಬಗ್ಗೆ ಬರೆಯಬೇಕಿತ್ತು. ಬೈಕ್ ತೆಗೆದುಕೊಂಡು ದೇವದುರ್ಗದ ಅವಳ ಮನೆ ಮುಟ್ಟಿದಾಗ ಸಂಜೆ ಆರು. ಡ್ಯೂಟಿ ಮುಗಿಸಿ ಬಂದವಳು ಪಡಸಾಲೆಯಲ್ಲಿ ಕೂತು, ನೋಟ್‌ಬುಕ್ಕಿನಿಂದ ಹರಿದ ಹಾಳೆಯ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಏನೋ ಬರೆಯುತ್ತಿದ್ದಳು. ಬರೆಯುತ್ತಲೇ ಮಾತಾಡಿದಳು. ನಾವಾಡಿದ ಮಾತನ್ನು ಆಡಿದ ಹಾಗೆಯೇ ಇಡುತ್ತೇನೆ.

ನಾನು: ಯಕ್ಕಾ, ಕಾಯಕಲ್ಪ, ಲಕ್ಷ್ಯ, ಎನ್‌ಕ್ಯೂಎಎಸ್ ಅಂತ ಇಷ್ಟು ಪ್ರಶಸ್ತಿ, ಪ್ರಮಾಣಪತ್ರ ಅದಾವ. ಜನರನ್ನ ಕೇಳಿದ್ರ ಒಂದೇ ಮಾತು ಹೇಳ್ತಾರ: ತಪಾಸಣಿಗೆ ಬರೋ ಮುಂದ ಸುಣ್ಣ-ಬಣ್ಣ, ಅವರು ಜೀಪು ಹತ್ತಿದ್ರ ಮತ್ತ ಮೊದಲಿನಂಗ. ಖರೇ ಏನು?

ಅಕ್ಕ: ಜನ ಕಂಡದ್ದನ್ನೇ ಹೇಳ್ತಾರ. ಬಣ್ಣ ಹಚ್ಚೋದು ನಾನೂ ನೋಡೀನಿ. ಆದ್ರ ನೀ ಗ್ವಾಡಿ ನೋಡಿ ಬರೀಬ್ಯಾಡ, ನೆಲಾ ನೋಡಿ ಬರಿ. ಮೊದಲು ನಾ ಇದ್ದ ದವಾಖಾನ್ಯಾಗ ನೆಲಾ ಒರಸೋ ಬಟ್ಟಿ ಒಂದೇ. ಪಾಯಿಖಾನಿಗೂ ಅದೇ, ಹೆರಿಗಿ ಕೋಣಿಗೂ ಅದೇ. ಎರಡು ಟೇಬಲ್ ನಡುವ ಪರದೆ ಇರಲಿಲ್ಲ. ಒಬ್ಬಾಕಿ ಬ್ಯಾನಿ ತಿನ್ನೋದನ್ನ ಇನ್ನೊಬ್ಬಾಕಿ ನೋಡ್ಕೋತ ಮಲಗಬೇಕು. ಮಾಸು ಬಕೆಟ್ಟಿಗೆ ತುಂಬಿ ಹಿಂದಿನ ಗುಂಡಿಗೆ ಹಾಕೋದು. ಗುಂಡಿ ಮ್ಯಾಲಿನ ಕಲ್ಲು ಸರಿದ ದಿನ ನಾಯಿ ಬರ್ತಿದ್ವು. ಅದು ತಪ್ಪು ಅಂತ ಅಲ್ಲಿ ಯಾರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ. ಬಡವರ ದವಾಖಾನಿ ಹಿಂಗೇ ಇರ್ತದ ಅಂತ ಮನಸ್ಸು ಒಗ್ಗಿಬಿಟ್ಟಿತ್ತು.

ನಾನು: ಕಾಯಕಲ್ಪ ಅದನ್ನ ಬದಲು ಮಾಡ್ತೇನು?

ಅಕ್ಕ: ಪ್ರಶ್ನಿ ಕೇಳೋದು ಕಲಿಸ್ತು. 2015ರ ಮೇ ತಿಂಗಳಾಗ ಕೇಂದ್ರ ಸರ್ಕಾರದವರು ಶುರು ಮಾಡಿದ್ರು, ಸ್ವಚ್ಛ ಭಾರತದ ಬೆನ್ನಿಗೆ. ದಪ್ಪ ಪುಸ್ತಕ, ಸಾಲು ಸಾಲು ಪ್ರಶ್ನಿ. ಪೂರಾ ಇದ್ರ ಎರಡು ಅಂಕ, ಅರ್ಧಮರ್ಧ ಇದ್ರ ಒಂದು, ಇಲ್ಲಂದ್ರ ಸೊನ್ನಿ. ಪ್ರಶಸ್ತಿಗೆ ನಿಲ್ಲಬೇಕಂದ್ರ ನೂರಕ್ಕ ಎಪ್ಪತ್ತು ದಾಟಬೇಕು. ಮೊದಲು ನಮ್ಮ ದವಾಖಾನಿ ನಾವೇ ನೋಡ್ಕೊಳ್ಳೋದು, ಆಮ್ಯಾಲ ಬ್ಯಾರೆ ದವಾಖಾನಿಯವರು ಬಂದು ನೋಡೋದು, ಕಡೀಗೆ ಹೊರಗಿನ ತಂಡ. ಪೇಪರಿನ್ಯಾಗ ಬರೋದು ಕಡೀದು. ನನಗ ನಡುವಿಂದೇ ದೊಡ್ಡದು ಅನಸ್ತದ.

ನಾನು: ಯಾಕ?

ಅಕ್ಕ: ಸಾಹೇಬರು ಬಂದ್ರ ಮುಚ್ಚಿಡಬಹುದು. ಇನ್ನೊಬ್ಬ ನರ್ಸ್ ಬಂದ್ರ ಏನು ಮುಚ್ಚಿಡ್ತಿ? ಆಕಿಗೆ ಎಲ್ಲಾ ಮೂಲಿ ಗೊತ್ತು. ಮಾನ್ವಿ ಕಡೆಯಿಂದ ಒಬ್ಬ ಸಿಸ್ಟರ್ ಬಂದಿದ್ಲು, ನನಗಿಂತ ಹತ್ತು ವರ್ಷ ಸಣ್ಣಾಕಿ. ಹೆರಿಗಿ ಕೋಣಿಗೆ ಬಂದಾಕಿ ಟ್ರೇ ಎಣಿಸಲಿಲ್ಲ, ಕಸದ ಡಬ್ಬಿ ನೋಡಲಿಲ್ಲ. ತಲಿ ಎತ್ತಿ ಗ್ವಾಡಿ ಮ್ಯಾಲಿನ ಗಡಿಯಾರ ನೋಡಿದ್ಲು. ಅದು ಎರಡೂ ನಲವತ್ತಕ್ಕ ನಿಂತಿತ್ತು. ‘ಅಕ್ಕಾರ, ಇದು ಯಾವಾಗಿನಿಂದ ನಿಂತದ್ರಿ?’ ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ಕೂಸು ಹುಟ್ಟಿದ ಒಂದು ನಿಮಿಷದಾಗ ತಾಯಿ ತೊಡಿಗೆ ಆಕ್ಸಿಟೋಸಿನ್ ಸೂಜಿ ಹೋಗಬೇಕು, ಹತ್ತು ಯೂನಿಟ್. ರಕ್ತ ಹರಿಯೋದಕ್ಕ ಅದೇ ದೊಡ್ಡ ತಡಿ. ಕೂಸು ಅಳದಿದ್ರ ಅದೇ ಒಂದು ನಿಮಿಷದಾಗ ಅದಕ್ಕ ಉಸಿರು ಕೊಡಾಕ ಶುರು ಮಾಡಬೇಕು. ನಿಂತ ಗಡಿಯಾರದ ಕೆಳಗ ನಾ ಆ ನಿಮಿಷ ಹೆಂಗ ಎಣಿಸ್ತಿದ್ದೆ? ರಿಜಿಸ್ಟರಿನ್ಯಾಗ ಹುಟ್ಟಿದ ಹೊತ್ತು ಅಂತ ಅಂದಾಜಿನ ಮ್ಯಾಲ ಬರೀತಿದ್ದೆ. ಆಕಿ ಸೊನ್ನಿ ಹಾಕಿದ್ಲು. ಮರುದಿನ ಬಜಾರಿಗೆ ಹೋಗಿ ಸೆಕೆಂಡ್ ಮುಳ್ಳಿರೋ ಗಡಿಯಾರ ತಂದು ನಾನೇ ಮೊಳಿ ಹೊಡದು ಹಾಕ್ದೆ. ಆ ಸೊನ್ನಿ ನನಗ ಯಾವ ಮೆಡಲ್‌ಗಿಂತ ಹೆಚ್ಚು.

ನಾನು: ಹೊರಗಿನ ತಂಡದವರು?

ಅಕ್ಕ: ಅವರು ಡಾಕ್ಟ್ರನ್ನ ಬಿಟ್ಟು ನಮ್ಮ ಆಯಾನ್ನ ಕರೆದ್ರು. ಗುತ್ತಿಗಿ ಮ್ಯಾಲ ದುಡಿಯೋ ಹೆಣ್ಣುಮಗಳು, ಸಾಲಿ ಕಟ್ಟಿ ಹತ್ತಿಲ್ಲ. ‘ಒಂದು ಪರ್ಸೆಂಟ್ ಕ್ಲೋರಿನ್ ನೀರು ಹೆಂಗ ಮಾಡ್ತೀಯಮ್ಮಾ?’ ಅಂದ್ರು. ಆಕಿಗೆ ಪರ್ಸೆಂಟ್ ಅಂದ್ರ ಏನಂತ ತಿಳೀಲಿಲ್ಲ. ನಾ ಹೇಳಬೇಕಂತ ಬಾಯಿ ತೆಗೆದೆ, ಸುಮ್ಮನಿರ್ರಿ ಅಂತ ಕೈ ಮಾಡಿದ್ರು. ಆಕಿ ಒಳಗ ಹೋಗಿ ಮಗ್ಗು, ಚಮಚ, ಪುಡಿ ಡಬ್ಬಿ ತಂದ್ಲು. ಆರು ಚಮಚ ಬ್ಲೀಚಿಂಗ್ ಪೌಡರ್, ಒಂದೊಂದು ಚಮಚದ ತಲಿ ಬೆರಳಿಂದ ಒರಸಿ ಅಳತಿ ಮಾಡಿ ಹಾಕಿದ್ಲು. ಒಂದು ಗುಟುಕು ನೀರು ಹಾಕಿ ಗಂಜಿ ಹಂಗ ಕಲಸಿ, ಗಂಟು ಒಡದು, ಆಮ್ಯಾಲ ಲೀಟರ್ ಗೆರಿ ತನಕ ನೀರು ಬಿಟ್ಲು. ‘ರಕ್ತ ಬಿದ್ದಲ್ಲಿ ಇದನ್ನ ಸುರುವಿ ಹತ್ತು ನಿಮಿಷ ಬಿಟ್ಟು ಒರಸ್ತೀನ್ರಿ. ನಿನ್ನಿ ನೀರು ಇವತ್ತಿಗೆ ನಡಿಯಂಗಿಲ್ರಿ’ ಅಂದ್ಲು. ಎರಡಕ್ಕ ಎರಡು ಅಂಕ. ಅಲ್ಲಿ ತನಕ ಆ ದವಾಖಾನ್ಯಾಗ ಆಕಿಗೆ ಯಾರೂ ಒಂದು ಪ್ರಶ್ನಿ ಕೇಳಿದ್ದಿಲ್ಲ, ಬರೀ ಕೆಲಸ ಹೇಳಿದ್ರು.

ನಾನು: ರೊಕ್ಕ ಎಷ್ಟು ಬಂತು?

ಅಕ್ಕ: ಜಿಲ್ಲಾ ದವಾಖಾನಿಗೆ ಮೊದಲನೇ ಬಹುಮಾನ ಅಂದ್ರ 50 ಲಕ್ಷದ ತನಕ ಅದ. ನಮ್ಮಂಥ ಸಣ್ಣ ದವಾಖಾನಿಗೆ ಸಿಕ್ಕಿದ್ದು ಪ್ರೋತ್ಸಾಹದ್ದು, ಒಂದು ಲಕ್ಷ. ನಿಯಮದಂಗ ನೂರಕ್ಕ 75 ದವಾಖಾನಿಗೇ ಖರ್ಚು ಮಾಡಬೇಕು, 25 ಸಿಬ್ಬಂದಿಗೆ. ಮುಕ್ಕಾಲು ಪಾಲಿನ್ಯಾಗ ಮೊಣಕೈಲೆ ತಿರುವೋ ನಲ್ಲಿ ಬಂತು, ಪರದೆ ಬಂತು, ಬಾಣಂತ್ಯಾರ ಪಾಯಿಖಾನಿಗೆ ಒಳಗಿನಿಂದ ಚಿಲಕ ಬಂತು. ಚಿಲಕ ಅಂದ್ರ ನಿನಗ ಸಣ್ಣದು ಅನಿಸಬಹುದು, ಅದಿಲ್ಲದ ಮನ್ಯಾಗ ಬಾಣಂತನ ಮಾಡಿಸ್ಕೊಂಡಾಕಿನ್ನ ಕೇಳು. ಉಳಿದ 25 ಸಾವಿರ ಹಂಚೋ ಹೊತ್ತಿಗೆ ಗುತ್ತಿಗಿಯವರ ಹೆಸರು ಪಟ್ಟಿಯಾಗ ಇರಲಿಲ್ಲ. ನಾವು ನರ್ಸ್‌ಗಳು ಕೂತು ಮಾತಾಡಿ ನಮ್ಮ ಪಾಲಿನ್ಯಾಗ ಮುರಿದು ಆಯಾಗ ಕೊಟ್ವಿ. ಆಗ ಆಕಿಗೆ ಮೂರು ತಿಂಗಳಿನ ಪಗಾರ ಬಂದಿರಲಿಲ್ಲ. ಇದನ್ನ ಬರಿ. ಕಸ ಬಳಿಯೋರ ಪಗಾರ ನಿಂತ ದವಾಖಾನಿಗೆ ಸ್ವಚ್ಛತಾ ಪ್ರಶಸ್ತಿ ಕೊಡಬಾರದು, ಪುಸ್ತಕದಾಗ ಅದಕ್ಕೂ ಒಂದು ಸಾಲು ಇರಬೇಕು.

ಇಲ್ಲಿ ಅಕ್ಕ ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದಳು. ಮುಂದಿನದನ್ನು ನಾನು ಕೇಳಿರಲಿಲ್ಲ, ಅವಳೇ ಹೇಳಿದಳು.

ಅಕ್ಕ: 2017ರ ಕಡೀಗೆ ಲಕ್ಷ್ಯ ಬಂತು, ಹೆರಿಗಿ ಕೋಣಿಗಂತನೇ. ಎಪ್ಪತ್ತು ದಾಟಿದ್ರ ಬೆಳ್ಳಿ, ಎಂಬತ್ತು ದಾಟಿದ್ರ ಬಂಗಾರ, ತೊಂಬತ್ತು ದಾಟಿದ್ರ ಪ್ಲಾಟಿನಂ. ಏಳು ಟ್ರೇ, ಅದರಾಗಿನ ಔಷಧಿ, ಬ್ಯಾನಿ ಹೆಂಗ ಮುಂದುವರಿತದ ಅಂತ ಗೆರಿ ಎಳಿಯೋ ಚಾರ್ಟ್, ಎಲ್ಲಾ ಕೇಳ್ತಾರ. ಅದರಾಗ ಒಂದು ಪ್ರಶ್ನಿ ನಮ್ಮನ್ನ ಕೇಳೋದಲ್ಲ, ಹಡದಾಕಿನ್ನ ಕೇಳೋದು. ಯಾರಾದ್ರೂ ಬೈದ್ರಾ, ಹೊಡದ್ರಾ ಅಂತ. ತಮ್ಮಾ, ನಾ ಹೊಡದೀನಿ. ತೊಡಿ ಮ್ಯಾಲ. ಮುಕ್ಕು, ಮುಕ್ಕು ಅಂತ ಒದರ್ಕೋತ. ನನಗ ಕಲಿಸಿದೋರು ಹಂಗೇ ಕಲಿಸಿದ್ರು, ಕೂಸು ಉಳಿಬೇಕಂದ್ರ ಹಿಂಗೇ ಅಂತ ನಾ ನಂಬಿದ್ದೆ. ರಾತ್ರಿ ಪಾಳಿ, ಮೂರು ಜನ ಬ್ಯಾನಿ ತಿನ್ನಾಕತ್ತಾರ, ನಾ ಒಬ್ಬಾಕಿ. ಅದು ಕಾರಣ, ಕ್ಷಮಿ ಅಲ್ಲ. ಆ ಪ್ರಶ್ನಿ ಓದಿದ ದಿನ ಎಷ್ಟು ತೊಡಿ ಅಂತ ಲೆಕ್ಕ ಹಾಕಾಕ ಹೋಗಿ ಅರ್ಧಕ್ಕ ಬಿಟ್ಟೆ. ಈಗ ತಾಯಿನೋ, ಅಕ್ಕನೋ ಒಬ್ಬಾಕಿ ಒಳಗ ಕೈ ಹಿಡಕೊಂಡು ನಿಂದ್ರಬಹುದು ಅಂತ ನಿಯಮ ಅದ. ಕೈ ಹಿಡಿಯೋರು ಇದ್ರ ಹೆಣ್ಣುಮಗಳು ಅಷ್ಟು ಅಂಜಂಗಿಲ್ಲ, ನಾವೂ ಕೈ ಎತ್ತಂಗಿಲ್ಲ.

ನಾನು: ಹಂಗಾದ್ರ ಪಟ್ಟಿ, ಅಂಕ, ಪ್ರಶಸ್ತಿ ಎಲ್ಲಾ ಕೆಲಸ ಮಾಡ್ತಾವ. ಆದ್ರ ನಾ ಒಂದು ಓದಿದೆ, ಅದು ತಲಿಯಿಂದ ಹೋಗವಲ್ದು. ಹೆರಿಗಿ ಹೊತ್ತಿನ್ಯಾಗ ಮಾಡಬೇಕಾದ 29 ಕೆಲಸದ ಒಂದು ಪಟ್ಟಿ ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿದ್ರು. ಅದನ್ನ ಮೊದಲಿಗೆ ಪರೀಕ್ಷೆ ಮಾಡಿದ್ದರಾಗ ನಮ್ಮ ಕರ್ನಾಟಕದ ಒಂದು ದವಾಖಾನಿ ಇತ್ತು, 2012ರಾಗ ಫಲಿತಾಂಶ ಬಂತು. ಮೊದಲು ಒಂದು ಹೆರಿಗಿಗೆ 29ರಾಗ 10 ಕೆಲಸ ಆಗ್ತಿದ್ವು, ಪಟ್ಟಿ ಬಂದ ಮ್ಯಾಲ 25. ಎಲ್ಲರೂ ಕುಣಿದಾಡಿದ್ರು. ಆಮ್ಯಾಲ ಉತ್ತರ ಪ್ರದೇಶದಾಗ 120 ದವಾಖಾನಿ ಆರಿಸಿ, ಅರ್ಧಕ್ಕ ಪಟ್ಟಿ ಮತ್ತ ಹೇಳಿಕೊಡೋರನ್ನ ಕೊಟ್ರು, ಅರ್ಧಕ್ಕ ಕೊಡಲಿಲ್ಲ. ಒಂದೂವರೆ ಲಕ್ಷಕ್ಕ ಹೆಚ್ಚು ತಾಯಂದಿರ ಲೆಕ್ಕ. 2017ರಾಗ ಬಂದ ಉತ್ತರ ಏನಂದ್ರ, ಪಟ್ಟಿ ಇದ್ದಲ್ಲಿ ಕೆಲಸ ಚಲೋ ಆದ್ವು, ಆದ್ರ ಸಾವು ಕಮ್ಮಿ ಆಗಲಿಲ್ಲ. ಹೇಳಿಕೊಡೋರು ವಾಪಸ್ ಹೋದ ಮ್ಯಾಲ ಮಾಡೋದೂ ಇಳೀತು.

ಅಕ್ಕ: (ಸ್ವಲ್ಪ ಹೊತ್ತು ಸುಮ್ಮನಿದ್ದು) ನನಗ ಆಶ್ಚರ್ಯ ಆಗಂಗಿಲ್ಲ. ಪಟ್ಟಿ ತಪ್ಪಲ್ಲ. ಆರು ಗ್ರಾಂ ರಕ್ತ ಇಟ್ಕೊಂಡು ಬ್ಯಾನಿ ತಿನ್ಕೋತ ಬಂದಾಕಿಗೆ ನಾ 29ಕ್ಕ 29 ಮಾಡ್ತೀನಿ. ಆಕಿಗೆ ಬೇಕಾದ್ದು ಒಂದು ಬಾಟಲಿ ರಕ್ತ, ಅರಿವಳಿಕೆ ಕೊಡೋ ಡಾಕ್ಟ್ರು. ಅವರಿಲ್ಲಂದ್ರ 108ಕ್ಕ ಹತ್ತಿಸಿ ರಾಯಚೂರಿಗೆ, ರಿಮ್ಸ್‌ಗೆ. ಐವತ್ತು ಕಿಲೋಮೀಟರ್ ಆಸುಪಾಸು. ಆ ದಾರಿಯಾಗ ಸೆಕೆಂಡ್ ಮುಳ್ಳು ನನ್ನ ಕೈಯಾಗ ಇರಂಗಿಲ್ಲ. ಇನ್ನು ಬಳ್ಳಾರಿಯಾಗ 2024ರ ನವೆಂಬರ್‌ಗ ಏನಾತು? ಸಿಜೇರಿಯನ್ ಆದ ಬಾಣಂತ್ಯಾರು ಒಬ್ಬರ ಹಿಂದ ಒಬ್ಬರು ಹೋದ್ರು. ಸಂಶಯ ಬಂದದ್ದು ರಿಂಗರ್ ಲ್ಯಾಕ್ಟೇಟ್ ಬಾಟಲಿ ಮ್ಯಾಲ, ಸರ್ಕಾರ ಆ ಬಾಟಲಿ ಮಾಡಿದ ಕಂಪನಿ ದ್ರಾವಣ ನಿಲ್ಲಿಸ್ತು. ದಿನಾ ನಾವು ಏರಿಸೋ ಬಾಟಲಿ. ಆ ವಾರ ನಮ್ಮ ನರ್ಸ್‌ಗಳು ಸ್ಟ್ಯಾಂಡಿಗೆ ಬಾಟಲಿ ತೂಗು ಹಾಕೋ ಮುಂದ ಲೇಬಲ್ ಎರಡೆರಡು ಸಲ ಓದ್ತಿದ್ರು, ಕೈ ನಡಗ್ತಿದ್ವು. ನೆಲಾ ಎಷ್ಟು ಹೊಳದ್ರೂ ಅಂಥದ್ದು ತಡಿಯಾಕ ಆಗಂಗಿಲ್ಲ. ಅದನ್ನ ನೋಡಬೇಕಾದೋರು ಬ್ಯಾರೆ.

ನಾನು: 2018-20ರ ಲೆಕ್ಕ ನನ್ನ ಹತ್ರ ಅದ. ಲಕ್ಷ ಮಕ್ಕಳು ಜೀವಂತ ಹುಟ್ಟೋದಕ್ಕ ದೇಶದಾಗ 97 ತಾಯಂದಿರು ಸಾಯ್ತಿದ್ರು, ಕರ್ನಾಟಕದಾಗ 69. ಕೃಷ್ಣಾ ದಾಟಿದ್ರ ತೆಲಂಗಾಣ, ಅಲ್ಲಿ 43. ತುಂಗಭದ್ರಾ ದಾಟಿದ್ರ ಆಂಧ್ರ, ಅಲ್ಲಿ 45. ನಾವು ಎರಡು ಹೊಳಿ ನಡುವ ಕೂತೀವಿ. ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ 371-ಜೆ ಬಂತು, 2018ರಾಗ ಮಹತ್ವಾಕಾಂಕ್ಷೆಯ ಜಿಲ್ಲೆ ಅಂತ ಯಾದಗಿರಿ ಜೋಡಿ ನಮ್ಮನ್ನೂ ಆರಿಸಿದ್ರು. ಏಮ್ಸ್ ಬೇಕಂತ 2022ರ ಮೇ 13ಕ್ಕ ರಾಯಚೂರಾಗ ಧರಣಿ ಕೂತೋರು ಸಾವಿರ ದಿನ ದಾಟಿಸಿದ್ರು.

ಅಕ್ಕ: ಏಮ್ಸ್ ಬರಲಿ, ನಾ ಬ್ಯಾಡ ಅನ್ನಂಗಿಲ್ಲ. ಆ ಟೆಂಟಿನ್ಯಾಗ ನಾನೂ ರಜಾ ಹಾಕಿ ಒಂದು ದಿನ ಕೂತು ಬಂದೀನಿ. ಆದ್ರ ನನಗ ಕಾಡೋದು ದವಾಖಾನಿಗೆ ಬಂದೋರು ಅಲ್ಲ, ಬರದೇ ಇದ್ದೋರು. ಕಾಯಕಲ್ಪದಾಗ ಕಾಂಪೌಂಡ್ ಹೊರಗಿಂದು ಅಂತ ಒಂದು ಭಾಗ ಸೇರಿಸ್ಯಾರ. ಓದಿ ಖುಷಿ ಆತು. ಒಳಗ ನೋಡಿದ್ರ ಚರಂಡಿ, ಕಸದ ಗುಂಪಿ, ದಾರಿ, ಪಂಚಾಯ್ತಿ ಜೋಡಿ ಮಾತುಕತೆ. ಅದೂ ಬೇಕು, 2022ರಾಗ ರಾಯಚೂರಿನ್ಯಾಗ ನಲ್ಲಿ ನೀರು ಕುಡಿದೇ ಜನ ವಾಂತಿಭೇದಿ ಆಗಿ ಸತ್ತದ್ದು ನೀನೇ ಬರದಿ. ಆದ್ರ ಆ ಭಾಗದಾಗ ಮನುಷ್ಯರ ಎಣಿಕಿ ಇಲ್ಲ.

ನಾನು: ಅಮೆರಿಕದಾಗ ದವಾಖಾನಿಗಳ ಸಂಘದವರು 1986ರಾಗ ಒಂದು ಪ್ರಶಸ್ತಿ ಶುರು ಮಾಡಿದ್ರು, ಫಾಸ್ಟರ್ ಮೆಕ್‌ಗಾ ಹೆಸರಿನ್ಯಾಗ. ಅವರು ನೋಡೋದು ಅದನ್ನೇ, ದವಾಖಾನಿ ತನ್ನ ಸುತ್ತಲಿನ ಜನರ ಆರೋಗ್ಯಕ್ಕ ಏನು ಮಾಡ್ತು ಅಂತ.

ಅಕ್ಕ: ಅವರ ಊರು ನನಗ ಗೊತ್ತಿಲ್ಲ. ನಮ್ಮದು ಹೇಳ್ತೀನಿ. ಇಲ್ಲಿ ನೋಡು.

ಎದ್ದು ಹೋಗಿ ಡ್ಯೂಟಿಗೆ ಒಯ್ಯುವ ಬ್ಯಾಗಿನಿಂದ ಒಂದು ಪಟ್ಟಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ದರ್ಜಿಯ ಟೇಪಿನಂತೆ ಉದ್ದ, ಕಾಗದದಷ್ಟು ತೆಳ್ಳಗೆ. ಮೂರು ಬಣ್ಣ: ಕೆಂಪು, ಹಳದಿ, ಹಸಿರು. ಮಗುವಿನ ಎಡ ತೋಳಿನ ನಡುವೆ ಸುತ್ತಿ, ತುದಿಯನ್ನು ಸೀಳಿನಲ್ಲಿ ತೂರಿಸಿ ಎಳೆದರೆ, ಕಿಂಡಿಯಲ್ಲಿ ಒಂದು ಬಣ್ಣ ಕಾಣುತ್ತದೆ. ಅಕ್ಕ ಅದನ್ನು ಸುತ್ತಿ 11.5 ಸೆಂಟಿಮೀಟರಿಗೆ ಹಿಡಿದು ತೋರಿಸಿದಳು. ನನ್ನ ಎರಡು ಬೆರಳು ಜೋಡಿಸಿದರೆ ಆ ಸುತ್ತಿನೊಳಗೆ ಹೆಚ್ಚು ಜಾಗ ಉಳಿಯುತ್ತಿರಲಿಲ್ಲ.

ಅಕ್ಕ: ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಕೂಸಿನ ತೋಳು ಇದಕ್ಕಿಂತ ಸಣ್ಣದಿದ್ರ ಕೆಂಪು. 2011ರಾಗ ನಮ್ಮ ದೇವದುರ್ಗದ ಕೆಂಪು ಮಕ್ಕಳನ್ನ ಇಡೀ ರಾಜ್ಯ ಟಿವಿಯಾಗ ನೋಡ್ತು, ಹೈಕೋರ್ಟ್ ತನಕ ಹೋತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಬಂತು. ಈಗ ಪೌಷ್ಟಿಕ ಪುನಶ್ಚೇತನ ಕೇಂದ್ರದಾಗ ಹದಿನಾಕು ದಿನ ಇಟ್ಕೊಂಡು ಆರೈಕಿ ಮಾಡ್ತಾರ, ತಾಯಿಗೆ ಕೂಲಿ ಬದಲು ರೊಕ್ಕಾನೂ ಕೊಡ್ತಾರ. ಹದಿನಾಕನೇ ದಿನ ಕೂಸು ನಗ್ಕೋತ ಮನಿಗೆ ಹೋಗ್ತದ. ಹದಿನೈದನೇ ದಿನ? ಹತ್ತಿ ಬಿಡಿಸೋ ಕಾಲ ಮುಗಿದಿದ್ರ ಮೇಸ್ತ್ರಿ ಬಂದು ಮುಂಗಡ ಕೊಟ್ಟು, ಇಡೀ ಮನಿ ಬೆಂಗಳೂರಿಗೋ ಪುಣೆಗೋ ಗುಳೇ. ನಮ್ಮ ರಿಜಿಸ್ಟರಿನ್ಯಾಗ ‘ಊರಲ್ಲಿಲ್ಲ’ ಅಂತ ಒಂದು ಶಬ್ದ. ತಪಾಸಣಿಗೆ ಬಂದೋರು ರಿಜಿಸ್ಟರ್ ನೋಡ್ತಾರ, ಕಾಲಂ ತುಂಬ್ಯದ ಅಂತ ಎರಡು ಅಂಕ ಕೊಡ್ತಾರ. ಆ ಶಬ್ದಕ್ಕ ಸೊನ್ನಿ ಹಾಕಬೇಕು ತಮ್ಮಾ. ಆ ಗಡಿಯಾರಕ್ಕ ಹಾಕಿದಂಗ.

ನಾನು: ಅದು ಹೆಂಗ ಆಗ್ತದ? ಗುಳೇ ಹೋಗೋದು ದವಾಖಾನಿ ತಪ್ಪಾ? ಹೊಲಕ್ಕ ನೀರಿಲ್ಲ, ಊರಾಗ ಕೆಲಸ ಇಲ್ಲ. ಮಾನ್ವಿಯಾಗ ಕಾಲುವಿ ಕೊನಿ ಭಾಗದೋರು ನೀರು ಕಾಯ್ಕೋತ ಕೂಡ್ತಾರ. ಇದನ್ನೆಲ್ಲ ಒಬ್ಬ ನರ್ಸ್ ತಲಿ ಮ್ಯಾಲ ಹಾಕಿದ್ರ? ಮತ್ತ ಸಾವಿನ ಲೆಕ್ಕಕ್ಕ ಅಂಕ ಕಟ್ಟಿದ್ರ ದವಾಖಾನಿಯವರು ಏನು ಮಾಡ್ತಾರ ನಿನಗ ಗೊತ್ತದ. ಕಷ್ಟದ ಹೆರಿಗಿ ಬಂದ ಕೂಡಲೇ ರಾಯಚೂರಿಗೆ ಚೀಟಿ ಬರದು ಕೈ ತೊಳ್ಕೋತಾರ. ಸಾವು ಅವರ ಪುಸ್ತಕದಾಗ ಇರಂಗಿಲ್ಲ, ದಾರಿಯಾಗ ಇರ್ತದ.

ಅಕ್ಕ: ಈ ಮಾತು ಖರೇ. ಇದಕ್ಕ ನನ್ನ ಹತ್ರ ಪೂರಾ ಉತ್ತರ ಇಲ್ಲ. ಸಾವು ಎಣಿಸಿ ಅಂಕ ಕೊಡಬ್ಯಾಡ್ರಿ ಅಂತ ನಾನೂ ಹೇಳ್ತೀನಿ. ಹುಡುಕಿದ್ದಕ್ಕ ಕೊಡ್ರಿ. ಏಳು ತಿಂಗಳ ಬಸುರಿ ಊರು ಬಿಟ್ಲಾ? ಯಾವ ಊರಿಗೆ ಹೋದ್ಲು, ಯಾರ ಜೋಡಿ, ಫೋನ್ ನಂಬರ್ ಏನು, ಅಲ್ಲಿ ಹತ್ತಿರದ ಸರ್ಕಾರಿ ದವಾಖಾನಿ ಯಾವುದು, ಅಲ್ಲಿಯವರಿಗೆ ನಾವು ಫೋನ್ ಹಚ್ಚಿದ್ವಾ? ಹಚ್ಚಿದ್ರ ಎರಡು. ಆಶಾ ಕಾರ್ಯಕರ್ತೆನ್ನ ಕೇಳಿ ಗೊತ್ತು ಮಾಡ್ಕೊಂಡಿದ್ರ ಒಂದು. ‘ಊರಲ್ಲಿಲ್ಲ’ ಅಂತ ಬರದಿದ್ರ ಸೊನ್ನಿ. ಆಯಾನ್ನ ಕರೆದು ಕ್ಲೋರಿನ್ ನೀರು ಕೇಳಿದಂಗ, ತಪಾಸಣಿಗೆ ಬಂದೋರು ತಾಂಡಾಕ್ಕ ಹೋಗಿ ಒಂದು ಬೀಗ ಹಾಕಿದ ಮನಿ ಮುಂದ ನಿಂತು, ಈ ಮನಿ ಸೊಸಿ ಎಲ್ಲದಾಳ ಅಂತ ನಮ್ಮನ್ನ ಕೇಳಲಿ. ಅಂಥ ಪ್ರಶಸ್ತಿ ಬಂದ್ರ ನಾ ನಿವೃತ್ತಿ ಆದ ಮ್ಯಾಲೂ ಹೋಗಿ ಪುಕ್ಕಟ ದುಡೀತೀನಿ.

ನಾನು: ಈಗ ಯಾರೂ ಮಾಡಂಗಿಲ್ಲೇನು?

ಅಕ್ಕ: ಮಾಡೋರು ಅದಾರ. ಆಶಾಗಳು ಮಾಡ್ತಾರ, ತಮ್ಮ ಫೋನಿಗೆ ತಾವೇ ಕರೆನ್ಸಿ ಹಾಕ್ಕೊಂಡು. ಅದು ಯಾವ ಪುಸ್ತಕದಾಗೂ ಇಲ್ಲ.

ಅವಳಿಗೆ ಫೋನು ಬಂತು. ಎರಡು ಮಾತಾಡಿ, ‘ಬಂದೆ, ಅಲ್ಲೇ ನಿಂದ್ರಿಸ್ಕೋ’ ಎಂದು ಇಟ್ಟಳು. ಆಗ ಹಾಳೆಯನ್ನು ನನಗೆ ಕೊಟ್ಟಳು. ರಕ್ತದ ಗುಂಪು ಬಿ ನೆಗೆಟಿವ್. ಹಿಮೋಗ್ಲೋಬಿನ್ 7.8. ಏಳು ತಿಂಗಳು ತುಂಬಿದೆ. ಐರನ್ ಸುಕ್ರೋಸ್ ಎರಡು ಡೋಸ್ ಆಗಿದೆ, ಮೂರು ಬಾಕಿ. ಇದರ ಕೆಳಗೆ ಒಂದು ಗೆರೆ ಎಳೆದು, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ: ಮೊದಲನೇ ಹೆರಿಗೆ ಸಿಜೇರಿಯನ್. ಕೊನೆಯಲ್ಲಿ ಎರಡು ಫೋನ್ ನಂಬರು, ಒಂದು ಅಕ್ಕನದು.

ನಾನು: ತಾಯಿ ಕಾರ್ಡಿನ್ಯಾಗ ಇದೆಲ್ಲಾ ಇರ್ತದಲ್ಲ?

ಅಕ್ಕ: ಕಾರ್ಡು ಅತ್ತಿ ಹತ್ರ ಟ್ರಂಕಿನ್ಯಾಗ ಅದ. ಅತ್ತಿ ಹೊಲಕ್ಕ ಹೋಗ್ಯಾಳ, ಕೀಲಿ ಆಕಿ ಉಡಿಯಾಗ. ಇವರು ಈಗ ಬಸ್‌ಸ್ಟ್ಯಾಂಡಿನ್ಯಾಗ ಅದಾರ, ಬೆಂಗಳೂರು ಬಸ್ಸು ಎಂಟಕ್ಕ.

ನಾನು: ಆಕಿಗೆ ಓದಾಕ ಬರ್ತದೇನು?

ಅಕ್ಕ: ಬರಂಗಿಲ್ಲ. ಅಲ್ಲಿ ಓದೋರು ಓದಲಿ ಅಂತ ದೊಡ್ಡದಾಗಿ ಬರದೀನಿ. ಪ್ಲಾಸ್ಟಿಕ್ ಚೀಲ ಒಂದು ತಗೋ ಆ ಗೂಡಿನ್ಯಾಗಿಂದ, ಹಾಳಿ ಬೆವರಿಗೆ ತೊಯ್ಯಬಾರದು. ಏಳು, ಗಾಡಿ ತೆಗಿ.